ಕಾಲುವೆಯಲ್ಲಿ ಕೇಳಿದ ಉಸಿರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಇಂಗ್ಲಿಷರ ನಾಡಿನಲ್ಲಿ, ಫೆಲ್ಥಮ್‌ನ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದೆ. ವಿಮಾನದಿಂದ ಇಳಿದ ಸರಕನ್ನು ವಿಂಗಡಿಸುವ ಕೆಲಸ. ಜೊತೆಗಾರ ಗಯಾನಾದವನು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವನು. ಅವನ ಹಿರಿಯರು ಕಬ್ಬಿನ ತೋಟದ ಕೂಲಿಗೆಂದು ಹಿಂದೂಸ್ತಾನದಿಂದ ಹಡಗು ಹತ್ತಿದವರಂತೆ. ಮುಖ ನೋಡಿ ಮೊದಲ ದಿನ ನಾನು ಹಿಂದಿಯಲ್ಲಿ ಮಾತಾಡಿಸಿದ್ದೆ. ಅವನು ನಕ್ಕು, ಇಂಗ್ಲಿಷಿನಲ್ಲಿ, "ಆ ಭಾಷೆ ನಮ್ಮಜ್ಜಿಯ ಜೊತೆಗೇ ಹೋಯಿತು, ನನಗೆ ಬರುವುದಿಲ್ಲ" ಎಂದಿದ್ದ.

ಭಾನುವಾರ ಅವನು ಗ್ರೀನ್‌ಫರ್ಡ್‌ನ ಕಾಲುವೆಗೆ ಗಾಳ ಹಾಕಲು ಹೋಗುತ್ತಿದ್ದ. ಮಾತಿಗೆ ಜನ ಬೇಕೆನಿಸಿ ನಾನೂ ಹೋಗತೊಡಗಿದೆ. ಧಾರವಾಡದ ನಮ್ಮ ಮನೆಯಲ್ಲಿ ಮೀನು ಮುಟ್ಟಿದವರಿಲ್ಲ. ಹಿಡಿದದ್ದನ್ನು ನಾವು ಮತ್ತೆ ನೀರಿಗೇ ಬಿಡುತ್ತೇವೆಂದು ತಿಳಿದು ನನ್ನ ಹೆಂಡತಿ, "ಹಿಡಿಯೂದು, ಮತ್ತ ಬಿಡೂದು. ಇದೇನ್ ಆಟರೀ ನಿಮ್ದು?" ಎಂದಿದ್ದಳು.

ಕಾಲುವೆಯ ದಂಡೆಯಲ್ಲಿ ಕೂತರೂ ಅವನ ಮಾತೆಲ್ಲ ಟಾರ್ಪನ್ ಎಂಬ ಮೀನಿನದು. ಆಳೆತ್ತರ ಬೆಳೆಯುತ್ತದೆ, ಮೈಯೆಲ್ಲ ಬೆಳ್ಳಿಯ ಹುರುಪೆ. ಅವನ ಕರಾವಳಿಗೆ ಚಳಿಗಾಲವೇ ಇಲ್ಲ. ಮಳೆಯ ದಿನಗಳಲ್ಲಿ ಅದರ ಮರಿಗಳು ಗದ್ದೆಯಂಚಿನ ಹಳ್ಳಗಳಿಗೂ ನುಗ್ಗುತ್ತವೆ. ಮಳೆ ನಿಂತಮೇಲೆ ದೊಡ್ಡವು ನದಿ ಸಮುದ್ರ ಸೇರುವ ಕಡೆ, ಬೆಚ್ಚಗಿನ ಕೆಸರುನೀರಿನಲ್ಲಿ ಸುಳಿಯುತ್ತವೆ. "ಅದು ಮೇಲೆ ಬಂದು ಗಾಳಿ ಕುಡಿಯುತ್ತದೆ. ಕೇಳಿದರೆ ಪಕ್ಕದಲ್ಲೇ ಯಾರೋ ನಿಟ್ಟುಸಿರು ಬಿಟ್ಟಂತೆ" ಎನ್ನುತ್ತಿದ್ದ.

ಅವನ ಅಣ್ಣ ಹೋದದ್ದೂ ಅದರಿಂದಲೇ. ದೋಣಿಯಲ್ಲಿ ಇಬ್ಬರೇ ಇದ್ದರು. ಜಾರದಿರಲೆಂದು ಅಣ್ಣ ದಾರವನ್ನು ಮುಂಗೈಗೆ ಸುತ್ತಿಕೊಂಡಿದ್ದ. ಮೀನು ಜಿಗಿಯಿತು, ದೋಣಿ ವಾಲಿತು, ಅಣ್ಣ ಇರಲಿಲ್ಲ. ದೇಹ ಸಿಗಲಿಲ್ಲವಾದ್ದರಿಂದ ತಾಯಿ ಕರ್ಮ ಮಾಡಲು ಬಿಡಲಿಲ್ಲವಂತೆ. ಇದನ್ನವನು ಬೇಸಿಗೆಯ ಒಂದು ದಿನ ಸ್ಯಾಂಡ್‌ವಿಚ್ ತಿನ್ನುತ್ತ, ಇನ್ಯಾರದೋ ಸುದ್ದಿಯಂತೆ ಹೇಳಿದ್ದ.

ಮರುವರ್ಷದ ಜನವರಿಯಲ್ಲಿ ಕಾಲುವೆ ಹೆಪ್ಪುಗಟ್ಟಿತು. ಕಾರ್ಖಾನೆಯೊಂದರ ಬಿಸಿನೀರು ಬೀಳುವ ಕಡೆ ಮಾತ್ರ ನೀರು ಬಯಲಾಗಿ, ಹಬೆಯೇಳುತ್ತಿತ್ತು. ಮೀನೆಲ್ಲ ಅಲ್ಲೇ ಸೇರಿರುತ್ತವೆಂದು ಮಧ್ಯಾಹ್ನ ಅಲ್ಲಿ ಕೂತೆವು. ಮಂಜು ದಟ್ಟವಾಗಿ ಎದುರಿನ ದಂಡೆ ಅಳಿಸಿಹೋಗಿತ್ತು.

ಆಗ ನೀರಿನ ಮೇಲೆ ಯಾರೋ ಉಸಿರುಬಿಟ್ಟರು. ಉದ್ದವಾಗಿ, ಒದ್ದೆಯಾಗಿ.

"ಕೊಳವೆಯ ಸದ್ದಿರಬೇಕು" ಎಂದೆ.

ಅವನು ನನ್ನನ್ನು ನೋಡಲಿಲ್ಲ. ಮತ್ತೊಮ್ಮೆ ಕೇಳಿತು, ಈ ಸಲ ಹತ್ತಿರದಿಂದ. ಅವನ ಗಾಳದ ಕೋಲು ನಿಧಾನವಾಗಿ ಬಾಗಿತು. ಅವನು ಎಳೆಯಲಿಲ್ಲ. ಎದ್ದು ನಿಂತು, ಬರುವುದಿಲ್ಲವೆಂದಿದ್ದ ಆ ಭಾಷೆಯಲ್ಲಿ, ಮಗುವನ್ನು ರಮಿಸುವವನಂತೆ, "ಭೈಯಾ, ಛೋಡ್ ದೇ. ಛೋಡ್ ದೇ, ಭೈಯಾ" ಎನ್ನತೊಡಗಿದ. ಅಣ್ಣಾ, ದಾರ ಬಿಟ್ಟುಬಿಡು ಎಂದು.

ಕೋಲಿನ ದಾರ ಸುತ್ತಿದ ರಾಟೆಯ ಬಿಗಿ ಸಡಿಲಿಸಿದ. ಹರಿವೇ ಇಲ್ಲದ ಆ ನೀರಿನೊಳಕ್ಕೆ ದಾರ ಒಂದೇ ವೇಗದಲ್ಲಿ ಹೋಯಿತು, ಮಂಜುಗಡ್ಡೆಯ ಕೆಳಗೆ. ಕೊನೆಯ ಗಂಟು ಟಪ್ಪೆಂದು ಕಡಿಯಿತು.

"ಪೈಕ್ ಮೀನಿರಬಹುದು" ಎಂದೆ. ಈ ಕಾಲುವೆಯಲ್ಲಿ ಅದೇ ದೊಡ್ಡದು.

"ಇರಬಹುದು" ಎಂದ.

ಅವನನ್ನು ಮನೆಗೆ ಕರೆತಂದೆ. ಹೆಂಡತಿ ಬಿಸಿ ಉಪ್ಪಿಟ್ಟು ಕೊಟ್ಟಳು. ಅವನು ಎರಡನೇ ಸಲ ಹಾಕಿಸಿಕೊಂಡು ತಿಂದು, ಕೂತಲ್ಲೇ ನಿದ್ದೆಹೋದ. ನಾನು ಅಡುಗೆಮನೆಯಲ್ಲಿ ನಡೆದದ್ದನ್ನು ಹೇಳಿದೆ. ಅವಳು ಒಲೆ ಆರಿಸಿ, "ಇನ್ನ ಆ ನೀರಿನ ಕಡೆ ಹೋಗಬ್ಯಾಡ್ರಿ" ಎಂದಳು.

ಆ ಬೇಸಿಗೆಯಲ್ಲಿ ಅವನು ಗಯಾನಾಕ್ಕೆ ಹೋಗಿ, ತಾಯಿಯನ್ನು ಒಪ್ಪಿಸಿ, ಅದೇ ನದಿಯ ಬಾಯಲ್ಲಿ ಅಣ್ಣನ ಕರ್ಮ ಮಾಡಿಸಿ ಬಂದ. ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ತಡೆಯಲಾರದೆ ಕೇಳಿದೆ: "ಅಲ್ಲೇನಾದರೂ ಕೇಳಿಸಿತೇ?"

"ಇಲ್ಲ. ದಿನವಿಡೀ ದೋಣಿಯಲ್ಲಿ ಕೂತಿದ್ದೆ. ಅಲ್ಲಿ ಯಾರೂ ಇಲ್ಲ."

ಮುಂದಿನ ಭಾನುವಾರ ಗ್ರೀನ್‌ಫರ್ಡ್‌ಗೆ ಬರುತ್ತೀಯಾ ಎಂದು ಕೇಳಿದ. ಮನೆಯಲ್ಲಿ ಕೆಲಸವಿದೆ ಎಂದೆ. ಅವನು ಒಬ್ಬನೇ ಹೋದ.