ಎಂಜಲು ಮೈಕು ಮತ್ತು ಹೊಸ ಮಿಕ್ಸರ್

ಭದ್ರಾವತಿಯ ನ್ಯೂ ಟೌನ್‌ನಲ್ಲಿ ನಾವು ಎಂಟು ಹೆಂಗಸರು ಸೇರಿ ವಚನ ಹಾಡುತ್ತೇವೆ. ಎಲ್ಲರಿಗಿಂತ ಚೆನ್ನಾಗಿ ಹಾಡುವವರು ನನ್ನ ಓರಗಿತ್ತಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಥೈರಾಯ್ಡ್ ಆಪರೇಷನ್ ಆದ ಮೇಲೆ ಅವರ ದನಿ ಸಣ್ಣದಾಯಿತು. ಇಂಪು ಹೋಗಲಿಲ್ಲ, ಬಲ ಹೋಯಿತು. ಬಾಡಿಗೆ ಸೌಂಡ್‌ನವರು ಅವರ ಮೈಕನ್ನು ಏರಿಸಿದರೆ ಕುಯ್ಯೋ ಎಂದು ಕಿರುಚುತ್ತಿತ್ತು. ಇಳಿಸಿದರೆ ಬರೀ ತುಟಿ ಆಡುವುದು ಕಾಣುತ್ತಿತ್ತು. ಒಂದು ಕಾರ್ಯಕ್ರಮ ಮುಗಿಸಿ ಬಂದು ರೇಷ್ಮೆ ಸೀರೆ ಮಡಿಸುತ್ತಾ ಅಕ್ಕ, "ಇನ್ಮೇಲೆ ನನ್ನನ್ನ ಬಿಟ್ಟು ಹಾಡ್ಕೊಳ್ಳಿ ಕಣ್ರೇ. ಬಾಯಿ ಅಲ್ಲಾಡಿಸೋಕೆ ನಾನ್ಯಾಕೆ ಬೇಕು?" ಎಂದರು. ನೆರಿಗೆಯ ಮೇಲೆ ಅವರ ಬೆರಳು ಸುಮ್ಮನೆ ಓಡಾಡುತ್ತಿತ್ತು.

ಆ ಮಾತಿಗೆ ಹೆದರಿಯೇ ನಾವು ಸ್ವಂತಕ್ಕೊಂದು ಡಿಜಿಟಲ್ ಮಿಕ್ಸರ್ ಕೊಳ್ಳಲು ಹೊರಟದ್ದು. ಎಲ್ಲ ಮೈಕುಗಳ ದನಿಯನ್ನೂ ಹದವಾಗಿ ಸೇರಿಸಿ ಸ್ಪೀಕರಿಗೆ ಕಳಿಸುವ ಯಂತ್ರ ಅದು. "ನೀನು ಕಾನ್ವೆಂಟಲ್ಲಿ ಓದಿದೋಳು. ಅದರ ಇಂಗ್ಲಿಷ್ ಪುಸ್ತಕ ಓದಿ ನೀನೇ ನಡೆಸು" ಎಂದು ಎಲ್ಲರೂ ನನ್ನನ್ನು ಮುಂದೆ ತಳ್ಳಿದರು. ಗುಂಪಿನಲ್ಲಿ ನನ್ನ ಶ್ರುತಿ ಹೇಗಿರುತ್ತಿತ್ತೆಂದು ನನಗೂ ಗೊತ್ತಿದ್ದರಿಂದ ಬೇಡವೆನ್ನಲಿಲ್ಲ.

ಅಕ್ಕನನ್ನು ಒತ್ತಾಯ ಮಾಡಿ ಹೊರಡಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಸೌಂಡ್ ಸಾಮಾನಿನ ಅಂಗಡಿಯ ಯಜಮಾನರು ವಯಸ್ಸಾದವರು. ಪೇಂಟ್ ಬ್ರಷ್ಷಿನಲ್ಲಿ ಮಿಕ್ಸರೊಂದರ ಒಂದೊಂದೇ ಗುಂಡಿಯ ಧೂಳು ತೆಗೆಯುತ್ತಿದ್ದರು.

"ಇರೋದ್ರಲ್ಲೇ ದೊಡ್ಡದು ಕೊಡಿ, ಮೂವತ್ತೆರಡು ಚಾನೆಲ್ಲಿಂದು" ಎಂದೆ, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು. ಒಂದು ಮೈಕಿಗೆ ಒಂದು ಚಾನೆಲ್ ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

"ಹಾಡೋರು ಎಷ್ಟು ಜನ?"

"ನನ್ನ ಬಿಟ್ಟು ಏಳು. ಒಂದು ಹಾರ್ಮೋನಿಯಂ, ತಬಲಾ."

"ಅಷ್ಟಕ್ಕೆ ಮದುವೆ ಮನೆ ಕೊಪ್ಪರಿಗೆ ಯಾಕೆ ಮೇಡಂ? ಮೊದ್ಲು ಅಮ್ಮಾವ್ರು ಒಂದು ಸಾಲು ಹಾಡ್ಲಿ."

ಅಕ್ಕ ಅವರು ಕೊಟ್ಟ ಮೈಕನ್ನು ಎದೆಯ ಮಟ್ಟದಲ್ಲಿ ಹಿಡಿದು ಹಾಡಿದರು. ಮಿಕ್ಸರಿನ ಪರದೆಯ ಮೇಲೆ ದನಿ ತೋರಿಸುವ ಹಸಿರು ಗೆರೆ ಅಲುಗಿತೋ ಇಲ್ಲವೋ. ಯಜಮಾನರು ಏರಿಸಿದರು, ಮತ್ತದೇ ಕಿರುಚಾಟ. ಅಕ್ಕ ಮೈಕನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದರು. ಯಜಮಾನರು ಮಾತ್ರ ಅಕ್ಕನ ಕೈಯನ್ನೇ ನೋಡುತ್ತಿದ್ದರು.

"ಅಮ್ಮಾ, ಬಾಯಿ ಹತ್ರ ಹಿಡೀರಿ."

"ಎಂಜಲಾಗುತ್ತಲ್ಲ!"

ಯಜಮಾನರು ನಗಲಿಲ್ಲ. ನಗು ಬಂದದ್ದು ನನಗೆ, ಅದರ ಹಿಂದೆಯೇ ನಾಚಿಕೆ. ಲೋಟ ಎತ್ತಿ ನೀರು ಕುಡಿಯುವ ನಮ್ಮ ಮನೆಗಳಲ್ಲಿ, ಕೈಯಿಂದ ಕೈಗೆ ದಾಟುವ ಮೈಕನ್ನು ತುಟಿಗೆ ತಾಗಿಸುವುದುಂಟೆ? ಇಷ್ಟು ವರ್ಷ ಎಂಟೂ ಜನ ಮೈಕನ್ನು ಒಂದು ಗೇಣು ದೂರ ಹಿಡಿದು, ಯಂತ್ರದವರನ್ನು ಬೈದಿದ್ದೆವು. ಉಳಿದವರ ದನಿ ಹೇಗೋ ಗೇಣು ದಾಟುತ್ತಿತ್ತು, ಅಕ್ಕನದು ದಾಟುತ್ತಿರಲಿಲ್ಲ.

"ದೂರದ ದನಿ ಎತ್ತೋಕೆ ಹೋದ್ರೆ ಸ್ಪೀಕರ್ ದನಿನೂ ಮೈಕೊಳಗೆ ಬರುತ್ತೆ, ಅದೇ ಕಿರುಚೋದು. ಎಷ್ಟು ದೊಡ್ಡ ಮಿಕ್ಸರ್ ತಗೊಂಡ್ರೂ ಅಷ್ಟೇ" ಎಂದರು ಯಜಮಾನರು. "ಹದಿನಾರು ಚಾನೆಲ್ ಸಾಕು. ಉಳಿದ ದುಡ್ಡಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮೈಕ್ ತಗೊಳ್ಳಿ, ಒಗೆಯೋ ಸ್ಪಂಜಿನ ಟೋಪಿ ಹಾಕಿ. ಅವರವರ ಎಂಜಲು ಅವರವರಿಗೆ."

ದೊಡ್ಡದನ್ನೇ ಕೊಡಿ ಎಂದು ಬಂದವರಿಗೆ ದೊಡ್ಡದನ್ನೇ ಕೊಟ್ಟು ಕಳಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಆ ಉಪಕಾರವನ್ನು ನಾನು ಈಗಲೂ ನೆನೆಯುತ್ತೇನೆ.

ಹದಿನಾರರಲ್ಲಿ ಎರಡು ಬಗೆ. ಒಂದು, ಟ್ಯಾಬ್ ಹಿಡಿದು ಕೂತಲ್ಲಿಂದಲೇ ನಡೆಸುವ ಪುಟ್ಟ ಪೆಟ್ಟಿಗೆ. ಇನ್ನೊಂದು, ಸಾಲಾಗಿ ಜಾರುಗುಂಡಿಗಳಿರುವುದು. ಜನ ತುಂಬಿದ ಹಾಲ್‌ನಲ್ಲಿ ಟ್ಯಾಬಿನ ವೈಫೈ ಕೈಕೊಡುವುದುಂಟು ಎಂದರು. ಬೆರಳಿಗೆ ಸಿಗುವುದೇ ಇರಲಿ ಎಂದೆ. ಅವರು ಗುಂಡಿಗಳ ಮಟ್ಟವನ್ನು ಯಂತ್ರದ ನೆನಪಿನಲ್ಲಿ ಉಳಿಸಿಟ್ಟು, ಬೇಕೆಂದೇ ಎಲ್ಲವನ್ನೂ ಅಡ್ಡಾದಿಡ್ಡಿ ಸರಿಸಿ, ಒಂದು ಬಟನ್ ಒತ್ತಿದರು. ಗುಂಡಿಗಳೆಲ್ಲ ಸರ್ರನೆ ಜಾರಿ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು.

"ಅಯ್ಯೋ ಮಾರಾಯ್ತಿ, ಇದಕ್ಕೆ ಜೀವ ಇದೆ ಕಣೇ!" ಎಂದು ಅಕ್ಕ ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಮತ್ತೆ ಹಾಡಿ ನೋಡಲು ಒಪ್ಪಲಿಲ್ಲ. "ಒಂದೇ ಒಂದು ಕಾರ್ಯಕ್ರಮ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನನ್ನನ್ನ ಕರೀಬೇಡಿ."

ಆ ಕಾರ್ಯಕ್ರಮ ನಮ್ಮ ನ್ಯೂ ಟೌನ್‌ನ ಸಮುದಾಯ ಭವನದಲ್ಲೇ ನಡೆಯಿತು. ನಾನು ಜನರ ನಡುವೆ ಮಿಕ್ಸರ್ ಮುಂದೆ ಕೂತಿದ್ದೆ. ಅಕ್ಕ ನೀಲಿ ಟೋಪಿಯ ಮೈಕನ್ನು ಅಳುಕುತ್ತಲೇ ತುಟಿಯ ಹತ್ತಿರ ತಂದರು. ದನಿ ಹೊರಟಿತು. ಹಿಂದಿನ ಸಾಲಿನಲ್ಲಿ ಮಾತಾಡುತ್ತಿದ್ದವರು ನಿಲ್ಲಿಸಿದರು. ಕೊನೆಕೊನೆಗೆ ನನ್ನ ಬೆರಳು ಅಕ್ಕನ ಗುಂಡಿಯನ್ನು ಒಂಚೂರು ಕೆಳಕ್ಕೇ ಎಳೆಯಬೇಕಾಯಿತು.

ಮುಗಿದ ಮೇಲೆ ಅಕ್ಕ ನೇರ ನನ್ನ ಹತ್ತಿರ ಬಂದರು. "ಉಸಿರೆಳೆಯೋದೂ ಕೇಳಿಸ್ತಂತಲ್ಲೇ. ಅಷ್ಟು ಯಾಕೆ ಏರಿಸಿದ್ದೆ?"

"ಏರಿಸಿರ್ಲಿಲ್ಲ ಅಕ್ಕ, ಇಳಿಸಿದ್ದೆ."

ಅವರು ಬಗ್ಗಿ ತಮ್ಮ ಗುಂಡಿ ಎಲ್ಲಿ ನಿಂತಿದೆಯೆಂದು ನೋಡಿದರು. ಆಮೇಲೆ, "ಗುರುವಾರದ ಅಭ್ಯಾಸಕ್ಕೆ ಎಲ್ಲರಿಗೂ ಅರ್ಧ ಗಂಟೆ ಮುಂಚೆ ಬರೋಕೆ ಹೇಳು. ಎರಡನೇ ವಚನಾನ ಯಾರೂ ಸರಿಯಾಗಿ ಎತ್ಕೊಳ್ತಿಲ್ಲ" ಎಂದರು.