ಅಕ್ಕ ನೇಯ್ದ ಕಂಚಿ ಸೀರೆ

ಕೊಳ್ಳೇಗಾಲ ಮದರಾಸು ರಾಜ್ಯ ಬಿಟ್ಟು ಮೈಸೂರಿಗೆ ಸೇರಿದಾಗ ನಾನಿನ್ನೂ ಶಾಲೆಯಲ್ಲಿದ್ದೆ. ನಮ್ಮ ನೇಕಾರರ ಬೀದಿಯಲ್ಲಿ ಸಕ್ಕರೆ ಹಂಚಿದರು. "ಇನ್ಮೇಲೆ ನಮ್ಮ ಸೀರೆ ನಮ್ಮೂರ ಎಸ್ರಲ್ಲೇ ಓಯ್ತದೆ, ನೋಡ್ತಿರು," ಎಂದು ಭಾವ ಹೇಳಿದರು. ಕೆಲವೇ ವರ್ಷಕ್ಕೆ ಅವರು ಜ್ವರದಲ್ಲಿ ತೀರಿಕೊಂಡರು.

ಅಕ್ಕ ಅವರ ಕುಣಿಮಗ್ಗಕ್ಕೆ ತಾನೇ ಇಳಿದು ಕೂತಳು. ಹೆಂಗಸರು ನೂಲು ಸುತ್ತಬೇಕು, ಮಗ್ಗಕ್ಕೆ ಕೂರಬಾರದು ಎಂದು ಬೀದಿಯ ಹಿರಿಯರು ಬಂದು ಗದರಿದರು. "ನೀವೇ ನೇಯ್ದುಕೊಡಿ ಮತ್ತೆ, ನಾ ಎದ್ದೋಯ್ತೀನಿ," ಎಂದಳು. ಮರುದಿನದಿಂದ ಯಾರೂ ಬರಲಿಲ್ಲ.

ನೂಲು, ಜರಿ ಎಲ್ಲ ಸಾವ್ಕಾರರದು. ನೇಯ್ದ ಸೀರೆಯೂ ಅವರಿಗೇ. ಹುಣಸೆ ಎಲೆಯ ಅಂಚು ಮಾತ್ರ ಅಕ್ಕನ ಸ್ವಂತದ್ದು. ಬೀದಿಯಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಸೆರಗಿನ ಮೂಲೆಯಲ್ಲಿ ಊರಿನ ಹೆಸರು ನೇಯಲೇ ಎಂದು ಒಮ್ಮೆ ಕೇಳಿದಳು.

ಸಾವ್ಕಾರರು ನಕ್ಕುಬಿಟ್ಟರು. "ಕೊಳ್ಳೇಗಾಲದ್ದು ಅಂದ್ರೆ ಯಾರು ತಕತಾರವ್ವಾ? ಕಂಚೀದು ಅಂದ್ರೇನೇ ಅಂಗಡೀಲಿ ಮಾರಾಟ ಆಗೋದು."

ಅಕ್ಕ ಬಳೆ ಮಾರಿ ನೂಲು ತಂದಳು. ಎರಡು ಸೀರೆ ನೇಯ್ದು, ನನ್ನನ್ನೂ ಕರೆದುಕೊಂಡು ಯಳಂದೂರಿನ ಹತ್ತಿರ ಮದುವೆಯಿದ್ದ ದೊಡ್ಡ ಮನೆಯೊಂದಕ್ಕೆ ಹೋದಳು. ಮನೆಯೊಡತಿ ಸೀರೆ ಸವರಿ ನೋಡಿದರು.

"ಚೆಂದಾಗವೆ. ಆದ್ರೆ ಇಲ್ಲೀ ಸೀರೆ ಉಡ್ಸುದ್ರೆ ಬೀಗ್ರು ಏನಂದಾರು? ಮೈಸೂರಿಂದ ಕಂಚೀದೇ ತರ್ಸಿದೀವಿ," ಎಂದು ಒಳಗಿನಿಂದ ತಂದು ಬಿಡಿಸಿದರು.

ಕೆಂಪು ಸೀರೆ. ಹುಣಸೆ ಎಲೆಯ ಅಂಚು.

ಅಕ್ಕ ಅಂಚಿನ ಮೇಲೆ ಬೆರಳಾಡಿಸಿ, "ಒಳ್ಳೇ ನೇಯ್ಗೆ ಕಣವ್ವಾ," ಎಂದು ಗಂಟು ಕಟ್ಟಿಕೊಂಡು ಎದ್ದಳು.

ಬಸ್ಸಿಗೆ ಕಾಯುವಾಗ ತಡೆಯದೆ ಕೇಳಿದೆ: "ನಾನೇ ನೇಯ್ದದ್ದು ಅಂತ ಯಾಕಕ್ಕ ಯೋಳ್ನಿಲ್ಲ?"

"ಯೋಳಿದ್ರೆ ಅವ್ರಿಗೆ ಆ ಸೀರೆನೂ ಬ್ಯಾಡಾಗ್ತಿತ್ತು ಕಣೆ."

ಹನೂರಿನಲ್ಲೂ ಇದೇ ಮಾತು. ತಿಂಗಳು ಅಲೆದು, ಕೊನೆಗೆ ಆ ಎರಡು ಸೀರೆಯನ್ನೂ ಸಾವ್ಕಾರರ ಬಾಗಿಲಿಗೇ ಕೊಂಡುಹೋದಳು. ಅವರು ಮಧ್ಯಾಹ್ನದವರೆಗೆ ಜಗುಲಿಯಲ್ಲಿ ಕೂರಿಸಿ, ಆಮೇಲೆ ಸೀರೆ ಇಟ್ಟುಕೊಂಡು ಮತ್ತೆ ನೂಲು ಕೊಟ್ಟರು. ಅಕ್ಕ ಸೋತಳೆಂದು ಸಿಟ್ಟಾಗಿ ನಾನು ವಾರವಿಡೀ ಅವಳನ್ನು ಮಾತಾಡಿಸಲಿಲ್ಲ.

ಮೂರು ವರ್ಷದ ಮೇಲೆ ನನಗೆ ಗಂಡು ಗೊತ್ತಾಯಿತು. ಗಂಡಿನ ಕಡೆಯವರು ಧಾರೆಗೆ ಕಂಚಿ ಸೀರೆಯೇ ಆಗಬೇಕೆಂದರು. ಅಕ್ಕ ಹಗಲೆಲ್ಲ ಕೂತು ನೇಯ್ದಳು. ಚಪ್ಪರದಲ್ಲಿ ಅತ್ತೆ ಸೆರಗು ಹಿಡಿದು, "ಎಲ್ಲೀದು?" ಎಂದರು. ಅಕ್ಕ ಪಕ್ಕದಲ್ಲೇ ನಿಂತಿದ್ದಳು.

"ಕಂಚೀದು," ಎಂದೆ ನಾನು.