ಕಮಲಾಪುರದ ಮನೆ, ಎಮ್ಮೆ ಸಮೇತ

ಕಮಲಾಪುರದ ಬಾಡಿಗೆ ಮನೆಯೊಳಗೆ ಬಲಗಾಲಿಟ್ಟು ಬಂದೆ. ಎದುರಿಗೆ ಎಮ್ಮೆ ನಿಂತಿತ್ತು. ಹಿತ್ತಲಿನಲ್ಲಲ್ಲ, ಬೀದಿಯಲ್ಲಲ್ಲ, ಮನೆಯ ಒಳಗೆ! ನನ್ನನ್ನೊಮ್ಮೆ ನೋಡಿ, ಇವಳ್ಯಾರು ಬಂದಳು ಎಂಬಂತೆ ಮತ್ತೆ ಮೇವಿಗೆ ಬಾಯಿ ಹಾಕಿತು.

ನಿಜಾಮ ಸರಕಾರದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿ ನನ್ನ ಯಜಮಾನರು ಮೊದಲೇ ಇಲ್ಲಿಗೆ ಬಂದಿದ್ದರು. "ಕಲ್ಲಿನ ಮನಿ ಅದ, ದೊಡ್ಡ ಪಡಸಾಲಿ ಅದ" ಎಂದು ಹೇಳಿಕಳಿಸಿದ್ದರು. ಅಷ್ಟು ಸಾಕಾಯಿತು. ಕಲಬುರಗಿಯ ತವರಿನಲ್ಲಿ ಕೂತುಕೊಂಡೇ ನಾನು ಮನಸ್ಸಿನಲ್ಲೇ ಆ ಪಡಸಾಲೆಗೆ, ತವರುಮನೆಯಲ್ಲಿರುವಂತೆ, ಬೀದಿ ಕಾಣುವಂಥ ಕಿಟಕಿ ಇಟ್ಟೆ, ತೂಗುಮಣೆಯನ್ನೂ ಕಟ್ಟಿಬಿಟ್ಟೆ. ಬಂದು ನೋಡಿದರೆ ಕಿಟಕಿಯೇ ಇಲ್ಲ. ಬೆಳಕು ಬೀಳುವುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಬಾಗಿಲ ಒಳಗಿನ ತಗ್ಗು ಜಾಗ ದನಕ್ಕೆ, ಅದಕ್ಕಿಂತ ಎತ್ತರದ ಪಡಸಾಲೆ ಮನುಷ್ಯರಿಗೆ. ಇಲ್ಲಿಯವರಿಗೆ ಇದು ಹೇಳುವಂಥ ಸಂಗತಿಯೇ ಅಲ್ಲ.

"ಎಮ್ಮಿ ಅದ ಅಂತ ಯಾಕ ಹೇಳಲಿಲ್ರೀ?"

"ಹೇಳಿದ್ರ ನೀ ಬರ್ತಿದ್ದಿಲ್ಲ" ಎಂದರು ಯಜಮಾನರು.

ಬರುತ್ತಿದ್ದೆ. ಮೂಗು ಮುರಿಯುತ್ತಲೇ ಆದರೂ ಎಮ್ಮೆಗೆ ಸಿದ್ಧಳಾಗಿ ಬರುತ್ತಿದ್ದೆ. ಕಿಟಕಿ ನೋಡಲು ಬಂದವಳಿಗೆ ಎಮ್ಮೆ ತೋರಿಸಿದರೆ ಸಿಟ್ಟು ಬರದೆ ಇನ್ನೇನು? ಅವತ್ತೇ ಅಣ್ಣನಿಗೆ, ಬಂದು ಕರೆದುಕೊಂಡು ಹೋಗು ಎಂದು ಹೇಳಿಕಳಿಸಿದೆ.

ಮನೆಯ ಒಡತಿ ಗುರುಬಸಮ್ಮ ಪಕ್ಕದ ಕೋಣೆಯಲ್ಲೇ ಇದ್ದಳು. ಎಮ್ಮೆಯನ್ನು ಹೊರಗೆ ಕಟ್ಟಿಸಿ ಎಂದೆ.

"ಎಲ್ಲಿಗಿ ಹೋಗಬೇಕು ತಂಗಿ ಅದು? ಇದೇ ಮನ್ಯಾಗ ಹುಟ್ಟಿದ್ದು. ನಿನ್ನಿ ಬಂದಾಕಿ ನೀ. ಬಾಗಲ ತಗದ್ರ ಹಾಲು ಕಾಣ್ತದ, ಇದಕ್ಕಿಂತ ಛಲೋ ಮನಿ ಎಲ್ಲದ?"

ಆಕೆಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಇಂಥ ಮನೆ ಸಿಕ್ಕಿದ್ದಕ್ಕೆ ನಾನು ಹಿಗ್ಗುತ್ತೇನೆಂದು ಕಾದಿದ್ದಳಂತೆ, ಪಾಪ.

ನಾನೂ ಬಿಡಲಿಲ್ಲ. ಎಮ್ಮೆ ಕಣ್ಣಿಗೆ ಬೀಳದಿರಲೆಂದು ಜೋಳದ ದಂಟು ತರಿಸಿ, ಪಡಸಾಲೆಯ ಅಂಚಿಗೆ ತಟ್ಟಿಯ ಗೋಡೆ ಕಟ್ಟಿದೆ. ಬೆಳಗಾಗುವುದರೊಳಗೆ ಎಮ್ಮೆ ಅರ್ಧ ಗೋಡೆಯನ್ನು ತಿಂದುಹಾಕಿತ್ತು. ಗುರುಬಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊದಲು ನನಗೆ ಮೈಯೆಲ್ಲ ಉರಿಯಿತು, ಆಮೇಲೆ ನಗು ತಡೆಯಲಾಗಲಿಲ್ಲ. ಉಳಿದರ್ಧವನ್ನು ನಾನೇ ಬಿಚ್ಚಿ ಅದರ ಮುಂದೆ ಹಾಕಿದೆ. ಯಜಮಾನರು ಶಾಲೆಗೆ ಹೋದರೆ ಕಲಬುರಗಿಯ ನೆನಪಾಗಿ ಅಳು ಬರುತ್ತಿತ್ತು. ಆಗ ಮಾತಿಗೆ ಸಿಕ್ಕವರು ಇವರಿಬ್ಬರೇ, ಗುರುಬಸಮ್ಮ ಮತ್ತು ಎಮ್ಮೆ.

ಅಂಗಡಿ ಬಿಟ್ಟು ಬರಲಾಗದೆ ತಡಮಾಡಿದ ಅಣ್ಣ ಕಡೆಗೊಮ್ಮೆ ಬಂದ. ಮೂಗಿಗೆ ರುಮಾಲು ಒತ್ತಿಕೊಂಡು ನಿಂತ.

"ಮಂದಿ ಇರೋ ಮನಿ ಏನು ಇದು? ನಡಿ ತಂಗಿ, ಗಾಡಿ ತಂದೀನಿ."

ಗುರುಬಸಮ್ಮ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ಅಣ್ಣ ಆಡಿದ್ದು ನಾನೇ ಆಡುತ್ತಿದ್ದ ಮಾತು. ಆದರೆ ಅವನ ಬಾಯಲ್ಲಿ ಕೇಳಿ ನನ್ನ ಪಿತ್ತ ನೆತ್ತಿಗೇರಿತು.

"ಅಣ್ಣಾ, ಈ ಮನಿಗಿ ಬೈಬೇಕಂದ್ರ ನಾ ಬೈತೀನಿ, ಇಲ್ಲಿ ಬಾಳ್ವಿ ಮಾಡಾಕತ್ತಾಕಿ ನಾ. ನೀ ಈಗ ಬಂದಾಂವ. ರುಮಾಲು ತಗದು ಕೂಡು, ಹಾಲು ಕುಡಿ."

ಕುಡಿದ. ಖಾಲಿ ಗಾಡಿ ಹೊಡೆದುಕೊಂಡು ಹೋದ.

ಕಲಬುರಗಿಯಲ್ಲಿ ಈಗಲೂ ನನ್ನನ್ನು ಕಂಡು ಅಯ್ಯೋ ಎನ್ನುವವರಿದ್ದಾರೆ. ನಿಮ್ಮ ಅಯ್ಯೋ ನಿಮ್ಮ ಹತ್ತಿರವೇ ಇರಲಿ. ಕಿಟಕಿಯ ಆಸೆ ನನಗೆ ಹೋಗಿಲ್ಲ, ಒಂದು ಕಿಟಕಿ ಇಡಿಸು ಎಂದು ಗುರುಬಸಮ್ಮನ ಜೊತೆ ಜಗಳ ಇನ್ನೂ ನಡೆದಿದೆ. ಅದು ನಮ್ಮಿಬ್ಬರ ಜಗಳ.

ಪಂಚಮಿಗೆ ತವರಿಗೆ ಹೋದಾಗ, ಅಷ್ಟು ಹಂಬಲಿಸಿದ ಆ ಕಿಟಕಿಯಲ್ಲೇ ಕೂತಿದ್ದೆ. ಬೀದಿಯಲ್ಲಿ ಜೋಳದ ದಂಟು ಹೇರಿದ ಗಾಡಿಯೊಂದು ಹೋಯಿತು. ಅದು ಮರೆಯಾಗುವವರೆಗೂ ನೋಡಿದೆ.

"ಏನ್ ನೋಡಾಕತ್ತೀ?" ಎಂದಳು ಅವ್ವ.

"ನಮ್ಮ ಎಮ್ಮಿಗಿ ಮೇವು ಹಾಕ್ಯಾರೋ ಇಲ್ಲೋ" ಎಂದೆ.